ಸತ್ತ ಟಚ್‌ಸ್ಕ್ರೀನಿಗೆ ಹುಳು ಮನೆಯಲ್ಲಿ ಕೆಲಸ

ಶಿಡ್ಲಘಟ್ಟದ ಹತ್ತಿರ ನಮ್ಮ ಮಾವನ ಹುಳು ಮನೆ ಇದೆ. ರೇಷ್ಮೆ ಹುಳು ಸಾಕುವ ಮನೆ. ಬಾಗಿಲ ಪಕ್ಕದ ಗೋಡೆಗೆ ಏಳು ಇಂಚಿನ ಒಂದು ಟಚ್‌ಸ್ಕ್ರೀನ್ ನೇತು ಹಾಕಿದ್ದೇವೆ. ಒಳಗೆ ಶಾಖ ಎಷ್ಟು, ತೇವ ಎಷ್ಟು ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ತೋರಿಸುತ್ತದೆ. ಮೂಲೆ ಒತ್ತಿದರೆ ನಿನ್ನೆ ರಾತ್ರಿಯ ಲೆಕ್ಕ ಬರುತ್ತದೆ. ಅದರ ಕೆಲಸ ಅಷ್ಟೇ.

ಅದು ಹುಟ್ಟಿದ್ದು ಈ ಕೆಲಸಕ್ಕಲ್ಲ. ಮೇಜಿನ ಮೇಲಿಟ್ಟು ಫೋಟೊ, ಹವಾಮಾನ, ಸುದ್ದಿ ನೋಡುವ ಶೋಕಿ ಸಾಮಾನು. ಒಂದಷ್ಟು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ಅದನ್ನು ಮಾಡಿದ ಕಂಪನಿ ತನ್ನ ಸರ್ವರ್ (ಇವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಕಳಿಸುವ ದೂರದ ಕಂಪ್ಯೂಟರ್) ಮುಚ್ಚಿತು. ಅವತ್ತಿನಿಂದ ಪರದೆ ಮೇಲೆ ಒಂದು ಚಕ್ರ ಸುಮ್ನೆ ಸುತ್ತುತ್ತಿತ್ತು. ಪರದೆ ಸರಿ ಇದೆ, ಟಚ್ ಸರಿ ಇದೆ, ವೈಫೈ ಸರಿ ಇದೆ. ಆದರೂ ಯಂತ್ರ ಸತ್ತಿದೆ. ಇದಕ್ಕಿಂತ ವಿಚಿತ್ರ ಸಾವು ಇದೆಯಾ? ರೇಡಿಯೊ ಸ್ಟೇಷನ್ ಮುಚ್ಚಿತು ಅಂತ ರೇಡಿಯೊದೊಳಗಿನ ಸ್ಪೀಕರನ್ನೂ ಯಾರೋ ಕಿತ್ತುಕೊಂಡು ಹೋದ ಹಾಗೆ.

ಅದನ್ನು ಎಬ್ಬಿಸಿದ್ದು ಹೇಗೆ, ಎಬ್ಬಿಸೋಕೆ ಸಾಧ್ಯವಾಗಿದ್ದು ಯಾಕೆ ಅನ್ನೋದನ್ನು ಹೇಳುತ್ತೇನೆ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ದೊಡ್ಡದು.

ಒಳಗೆ ಏನಿದೆ

ಇಂಥ ಯಂತ್ರಗಳನ್ನು ಬಿಚ್ಚಿ ನೋಡಿದರೆ ಒಳಗೆ ಪುಟ್ಟ ಕಂಪ್ಯೂಟರೇ ಇರುತ್ತದೆ. ಒಂದು ಎಆರ್‌ಎಂ ಚಿಪ್, ಸ್ವಲ್ಪ ರ್‍ಯಾಮ್, ಫ್ಲ್ಯಾಶ್ ಮೆಮೊರಿ, ವೈಫೈ. ಅದರ ಮೇಲೆ ಓಡುವುದು ಬಹುಪಾಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲು ಶುರು ಮಾಡಿದ ಅದರ ಕರ್ನಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು, ಈಗ ಟಿವಿ, ರೌಟರ್, ಇ-ಬುಕ್ ರೀಡರ್, ಎಲ್ಲದರೊಳಗೂ ಕೂತಿದೆ. ಪುಕ್ಕಟೆ ಸಿಗುತ್ತದೆ, ಬೇಕಾದ ಹಾಗೆ ಬದಲಿಸಬಹುದು. ಕಂಪನಿಗಳಿಗೆ ಇನ್ನೇನು ಬೇಕು?

ಸಾಫ್ಟ್‌ವೇರ್ ನಾಲ್ಕು ಪದರದಲ್ಲಿ ಇರುತ್ತದೆ. ಕರೆಂಟ್ ಕೊಟ್ಟ ತಕ್ಷಣ ಮೊದಲು ಏಳುವುದು ಬೂಟ್‌ಲೋಡರ್. ಅದು ಕರ್ನಲ್ ಅನ್ನು ಮೆಮೊರಿಗೆ ತಂದು ಓಡಿಸುತ್ತದೆ. ಕರ್ನಲ್ ಪರದೆ, ಟಚ್, ವೈಫೈಗಳನ್ನು ಎಬ್ಬಿಸುತ್ತದೆ. ಅದರ ಮೇಲೆ ಫೈಲುಗಳೂ ಸಣ್ಣಪುಟ್ಟ ಕಮಾಂಡುಗಳೂ ಇರುವ ಫೈಲ್‌ಸಿಸ್ಟಂ. ಎಲ್ಲಕ್ಕಿಂತ ಮೇಲೆ ನಮಗೆ ಕಾಣುವ ಆ್ಯಪ್. ಕಂಪನಿಯ ಸರ್ವರ್ ಜೊತೆ ಮಾತಾಡುತ್ತಿದ್ದದ್ದು ಈ ಕೊನೆಯ ಪದರ ಮಾತ್ರ. ಕೆಳಗಿನ ಮೂರು ಪದರಕ್ಕೆ ಕಂಪನಿ ಇದೆಯೋ ಇಲ್ಲವೋ ಗೊತ್ತೇ ಇಲ್ಲ. ಹಾಗಾದರೆ ಮೇಲಿನ ಪದರ ತೆಗೆದು ನಮ್ಮದನ್ನು ಇಟ್ಟರೆ ಆಯಿತು, ಅಲ್ವಾ? ಆದರೆ ಒಳಗೆ ಹೋಗೋಕೆ ಬಾಗಿಲು ಬೇಕು.

ಹ್ಯಾಕಿಂಗ್ ಅಂದ ಕೂಡಲೇ ಬ್ಯಾಂಕ್ ಖಾತೆ ದೋಚುವ ಕಳ್ಳರು ನೆನಪಾಗುತ್ತಾರೆ. ಇಲ್ಲಿ ಆ ಅರ್ಥವಲ್ಲ. ದುಡ್ಡು ಕೊಟ್ಟು ಕೊಂಡ ನಮ್ಮದೇ ಸಾಮಾನನ್ನು ಬಿಚ್ಚಿ, ಬೇರೆ ಕೆಲಸಕ್ಕೆ ಹಚ್ಚುವುದು. ನಮ್ಮೂರಲ್ಲಿ ಹಳೆ ಬೈಕಿನ ಎಂಜಿನ್ ಕಿತ್ತು ಔಷಧಿ ಹೊಡೆಯುವ ಪಂಪಿಗೆ ಕಟ್ಟುವವರಿದ್ದಾರೆ. ಅವರನ್ನು ಯಾರೂ ಕಳ್ಳ ಅನ್ನುವುದಿಲ್ಲ.

ಬಾಗಿಲುಗಳು

ಕೆಲವು ಕಂಪನಿಗಳು ಬಾಗಿಲನ್ನು ತಾವೇ ತೆರೆದಿಡುತ್ತವೆ. ಕೋಬೊ ಇ-ಬುಕ್ ರೀಡರ್ ನೋಡಿ. ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ಅದರೊಳಗಿನ ಒಂದು ಮರೆಯ ಫೋಲ್ಡರಿಗೆ ಸರಿಯಾದ ಹೆಸರಿನ ಅಪ್‌ಡೇಟ್ ಫೈಲ್ ಹಾಕಿ ತೆಗೆದರೆ ಸಾಕು. ಅದು ತಾನೇ ಬಿಚ್ಚಿಕೊಂಡು ಒಳಗೆ ಕೂರುತ್ತದೆ. ಕೋರೀಡರ್ ಅನ್ನುವ ಮುಕ್ತ (ಕೋಡ್ ಎಲ್ಲರಿಗೂ ತೆರೆದಿರುವ) ಓದುವ ಆ್ಯಪನ್ನು ಜನ ಇದೇ ದಾರಿಯಲ್ಲಿ ಹಾಕಿಕೊಳ್ಳುತ್ತಾರೆ. ರಿಮಾರ್ಕಬಲ್ ಅನ್ನುವ ಬರೆಯುವ ಟ್ಯಾಬ್ಲೆಟ್ ಇನ್ನೂ ಮುಂದೆ ಹೋಗಿದೆ. ರೂಟ್ ಪಾಸ್‌ವರ್ಡನ್ನೇ ಸೆಟ್ಟಿಂಗ್ಸಿನ ಲೈಸೆನ್ಸ್ ಪುಟದಲ್ಲಿ ಬರೆದು ತೋರಿಸುತ್ತದೆ. ರೂಟ್ ಅಂದರೆ ಮನೆ ಯಜಮಾನ. ಆ ಪಾಸ್‌ವರ್ಡ್ ಸಿಕ್ಕಿತು ಅಂದರೆ ಬೀಗದ ಕೈ ಗೊಂಚಲೇ ಸಿಕ್ಕ ಹಾಗೆ.

ನನ್ನ ಯಂತ್ರದ ಕಂಪನಿ ಇಷ್ಟು ಉದಾರಿ ಅಲ್ಲ. ಹಿತ್ತಲ ಬಾಗಿಲೇ ಗತಿ ಆಯಿತು. ಅದರ ಹೆಸರು ಯುಎಆರ್‌ಟಿ, ಅಂದರೆ ಸೀರಿಯಲ್ ಪೋರ್ಟ್. ಕಾರ್ಖಾನೆಯಲ್ಲಿ ಬೋರ್ಡ್ ಪರೀಕ್ಷೆ ಮಾಡೋಕೆ ಅಂತ ಎಂಜಿನಿಯರುಗಳು ಮೂರೋ ನಾಲ್ಕೋ ಚುಕ್ಕಿಗಳನ್ನು ಸಾಲಾಗಿ ಬಿಟ್ಟಿರುತ್ತಾರೆ. ಒಂದು ಗ್ರೌಂಡ್, ಒಂದು ಕಳಿಸುವ ತಂತಿ, ಒಂದು ಪಡೆಯುವ ತಂತಿ. ನಾಲ್ಕನೆಯದು ಇದ್ದರೆ ಅದು ಕರೆಂಟು. ಅದನ್ನು ಮುಟ್ಟಬಾರದು.

ಗ್ರೌಂಡ್ ಹುಡುಕೋದು ಸುಲಭ. ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು, ಒಂದು ಕಡ್ಡಿಯನ್ನು ಲೋಹದ ಕವಚಕ್ಕೆ, ಇನ್ನೊಂದನ್ನು ಚುಕ್ಕಿಗೆ ತಾಗಿಸಬೇಕು. ಕೂಗಿದರೆ ಅದೇ. ಆಮೇಲೆ ವೋಲ್ಟ್ ಮೋಡಿಗೆ ತಿರುಗಿಸಿ ಯಂತ್ರ ಆನ್ ಮಾಡಬೇಕು. ಯಾವ ಚುಕ್ಕಿಯಲ್ಲಿ 3.3 ವೋಲ್ಟ್ ಸುತ್ತಮುತ್ತ ಅಂಕಿ ನಡುಗುತ್ತದೋ ಅದು ಕಳಿಸುವ ತಂತಿ. ಯಂತ್ರ ಏಳುವಾಗ ಬಡಬಡ ಮಾತಾಡುತ್ತದೆ, ಅದಕ್ಕೇ ನಡುಗುವುದು. ಇನ್ನು ಬೇಕಾಗಿರುವುದು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಬೆರಳಷ್ಟು ಅಡಾಪ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾಫಿ ತಿಂಡಿ ದುಡ್ಡಿಗೆ ಸಿಗುತ್ತದೆ. ಯಂತ್ರ ಕಳಿಸುವುದು ನಮ್ಮ ಅಡಾಪ್ಟರಿನ ಪಡೆಯುವ ಕಡೆಗೆ, ನಮ್ಮದು ಅದರ ಪಡೆಯುವ ಕಡೆಗೆ. ತಂತಿ ಅಡ್ಡ ಹಾಕಬೇಕು. ಬಾಯಿಗೆ ಕಿವಿ, ಕಿವಿಗೆ ಬಾಯಿ.

ಇಲ್ಲೊಂದು ತಪ್ಪೊಪ್ಪಿಗೆ. ಗೋಡೆ ಮೇಲಿರುವುದು ಎರಡನೇ ಯಂತ್ರ. ಮೊದಲನೆಯದನ್ನು ನಾನೇ ಸುಟ್ಟೆ. ಅಡಾಪ್ಟರಿನಲ್ಲಿ 5 ವೋಲ್ಟ್, 3.3 ವೋಲ್ಟ್ ಆರಿಸುವ ಸಣ್ಣ ಜಂಪರ್ ಇರುತ್ತದೆ. ಅದು 5ರಲ್ಲೇ ಇತ್ತು, ನಾನು ನೋಡಲಿಲ್ಲ. ಹೊಗೆ ಬರಲಿಲ್ಲ, ಶಬ್ದ ಬರಲಿಲ್ಲ. ಸುಮ್ಮನೆ ಮಲಗಿತು, ಮತ್ತೆ ಏಳಲಿಲ್ಲ. ಅದೇ ಜಾತಿಯ ಇನ್ನೊಂದನ್ನು ಗುಜರಿ ಬೆಲೆಗೆ ಹುಡುಕೋಕೆ ನಾಲ್ಕು ತಿಂಗಳು ಹಿಡಿಯಿತು. ಕೆಲವು ಹೊಸ ಚಿಪ್‌ಗಳಿಗೆ 3.3 ಕೂಡ ಜಾಸ್ತಿ, 1.8 ವೋಲ್ಟೇ ಕೊಡಬೇಕು. ಮೊದಲು ಅಳೆಯಿರಿ, ಆಮೇಲೆ ಜೋಡಿಸಿ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ, ಬಿಚ್ಚುವಾಗ ಚೂಪಾದ ಸಾಮಾನು ಅದಕ್ಕೆ ತಾಗಬಾರದು. ತೂತು ಬಿದ್ದರೆ ಬೆಂಕಿ.

ತಂತಿ ಸರಿ ಬಿದ್ದು, ಟರ್ಮಿನಲ್ ವೇಗವನ್ನು ಸೆಕೆಂಡಿಗೆ 115200 ಬಿಟ್‌ಗೆ ಇಟ್ಟರೆ (ಬಹಳಷ್ಟು ಯಂತ್ರಗಳಲ್ಲಿ ಇದೇ ವೇಗ) ಲ್ಯಾಪ್‌ಟಾಪ್ ಮೇಲೆ ಅಕ್ಷರ ಸುರಿಯುತ್ತವೆ. ಯು-ಬೂಟ್ ಅನ್ನುವ ಬೂಟ್‌ಲೋಡರ್ ಇದ್ದರೆ ಮೂರು, ಎರಡು, ಒಂದು ಅಂತ ಎಣಿಸುತ್ತದೆ. ಅಷ್ಟರೊಳಗೆ ಒಂದು ಕೀ ಒತ್ತಿದರೆ ನಿಲ್ಲುತ್ತದೆ. ಅದೇ ಬಾಗಿಲು! ಕರ್ನಲ್‌ಗೆ ಹೋಗುವ ಸಂದೇಶದ ಸಾಲೊಂದು ಅಲ್ಲಿರುತ್ತದೆ. ಎದ್ದ ಮೇಲೆ ಕಂಪನಿಯ ಕಾರ್ಯಕ್ರಮ ಓಡಿಸಬೇಡ, ನನಗೆ ನೇರವಾಗಿ ಕಮಾಂಡ್ ಶೆಲ್ (ಕಮಾಂಡ್ ಟೈಪ್ ಮಾಡುವ ಜಾಗ) ಕೊಡು ಅಂತ ಆ ಸಾಲಿಗೆ ನಾಲ್ಕು ಪದ ಸೇರಿಸಬಹುದು. ಯಂತ್ರ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳುವ ಕಾರ್ಯಕ್ರಮ ಇನ್ನೂ ಎದ್ದೇ ಇಲ್ಲವಲ್ಲ!

ಒಳಗೆ ಹೋದ ಮೇಲೆ ಕೈ ತುರಿಸುತ್ತದೆ. ತಡೆದುಕೊಳ್ಳಿ. ಮೊದಲು ಇಡೀ ಫ್ಲ್ಯಾಶ್ ಮೆಮೊರಿಯ ನಕಲನ್ನು ಪೆನ್‌ಡ್ರೈವಿಗೆ ತೆಗೆಯಬೇಕು. ವೈಫೈ ಚಿಪ್ಪಿನ ಫರ್ಮ್‌ವೇರ್ (ಯಂತ್ರದೊಳಗೇ ಕೂರುವ ಸಾಫ್ಟ್‌ವೇರ್), ಆ ಯಂತ್ರದ್ದೇ ಆದ ನೆಟ್‌ವರ್ಕ್ ವಿಳಾಸ, ಪರದೆಗೆ ಚಿತ್ರ ಕಳಿಸುವ ಸಮಯದ ಲೆಕ್ಕಾಚಾರ, ಇವೆಲ್ಲ ಅದರೊಳಗೆ ಇರುತ್ತವೆ. ಅಳಿಸಿದರೆ ಇನ್ನೆಲ್ಲೂ ಸಿಗುವುದಿಲ್ಲ. ಕೊಡುವ ಕಂಪನಿ ಇದ್ದರೆ ತಾನೇ?

ಬೆರಳು ಎಲ್ಲಿದೆ ಅಂತ ಯಂತ್ರಕ್ಕೆ ಹೇಗೆ ಗೊತ್ತು

ಟಚ್ ಎರಡು ಬಗೆ. ಹಳೆಯದು ರೆಸಿಸ್ಟಿವ್. ಎರಡು ತೆಳು ಪದರ, ಒತ್ತಿದಾಗ ಒಂದಕ್ಕೊಂದು ತಾಗುತ್ತವೆ. ತಾಗಿದ ಜಾಗದ ವೋಲ್ಟೇಜ್ ನೋಡಿ ಸ್ಥಳ ಲೆಕ್ಕ ಹಾಕುತ್ತಾರೆ. ಹೊಸದು ಕೆಪ್ಯಾಸಿಟಿವ್. ಬೆರಳಿನ ವಿದ್ಯುತ್ ಗುಣವನ್ನೇ ಗಾಜಿನ ಕೆಳಗಿನ ಜಾಲ ಗುರುತಿಸುತ್ತದೆ. ಈಗಿನ ಫೋನೆಲ್ಲ ಇದೇ. ಹೊಸದೇ ಚೆಂದ ಅನ್ನಿಸಬಹುದು. ಆದರೆ ಹುಳು ಮನೆಯಲ್ಲಿ ಹಳೆಯದೇ ಗೆದ್ದಿತು. ಸೊಪ್ಪು ಹಾಕುವವರ ಕೈ ಒದ್ದೆ ಇರುತ್ತದೆ, ಸುಣ್ಣದ ಪುಡಿ ಹತ್ತಿರುತ್ತದೆ. ಒಮ್ಮೊಮ್ಮೆ ಗ್ಲೌಸ್ ಇರುತ್ತದೆ. ರೆಸಿಸ್ಟಿವ್ ಪರದೆಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕಡ್ಡಿಯಲ್ಲಿ ಒತ್ತಿದರೂ ಸರಿ.

ಅದರ ತೊಂದರೆ ಅಂದರೆ ಅಳತೆ ಹೊಂದಿಸಬೇಕು. ಟಚ್ ಚಿಪ್ ಕೊಡುವುದು ಬರೀ ಅಂಕಿ. ಪರದೆಯ ಎಡ ಮೂಲೆ ಅದಕ್ಕೆ 180 ಆಗಿರಬಹುದು, ಬಲ ಮೂಲೆ 3900 ಆಗಿರಬಹುದು. ಒಮ್ಮೊಮ್ಮೆ ಮೇಲೆ ಕೆಳಗೆ ತಿರುಗಾಮುರುಗಾ. ಟಿಎಸ್‌ಲಿಬ್ ಅನ್ನುವ ಹಳೆಯ ಮುಕ್ತ ಲೈಬ್ರರಿ ಇದೆ. ಅದು ಪರದೆಯಲ್ಲಿ ಐದು ಕಡೆ ಕೂಡು ಚಿಹ್ನೆ ತೋರಿಸುತ್ತದೆ, ನಾವು ಒಂದೊಂದನ್ನೇ ಒತ್ತುತ್ತೇವೆ. ಯಾವ ಅಂಕಿ ಯಾವ ಜಾಗ ಅನ್ನುವ ಸೂತ್ರವನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಮೊದಲ ಸಲ ನಾನು ಮೇಲಿನ ಗುಂಡಿ ಒತ್ತಿದರೆ ಕೆಳಗಿನದು ಕೆಲಸ ಮಾಡುತ್ತಿತ್ತು. ಐದು ಚಿಹ್ನೆ ಒತ್ತಿದ ಮೇಲೆ ತಲೆ ನೆಟ್ಟಗಾಯಿತು.

ಶಿಡ್ಲಘಟ್ಟ ಅನ್ನುವ ಪರೀಕ್ಷೆ

ನನ್ನ ತಲೆ ಹೆಚ್ಚು ತಿಂದದ್ದು ಕನ್ನಡ. ಮಾವನಿಗೆ ಇಂಗ್ಲಿಷ್ ಓದೋಕೆ ಬರುತ್ತದೆ. ಆದರೆ ರಾತ್ರಿ ಹುಳು ನೋಡಿಕೊಳ್ಳುವುದು ಅತ್ತೆ, ಅವರಿಗೆ ಕನ್ನಡವೇ ಬೇಕು. ಕಂಪನಿ ಬದುಕಿದ್ದಾಗ ಈ ಯಂತ್ರದಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ ಡಬ್ಬಿ.

ಫಾಂಟ್ ಹಾಕಿದೆ. ಡಬ್ಬಿ ಹೋಗಿ ಅಕ್ಷರ ಬಂದವು, ಆದರೆ ಒತ್ತಕ್ಷರ ಒಡೆದಿದ್ದವು. ಶಿಡ್ಲಘಟ್ಟ ಅನ್ನುವ ಒಂದೇ ಪದ ಸಾಕು, ಯಾವ ಯಂತ್ರದ ಕನ್ನಡ ಜ್ಞಾನವನ್ನಾದರೂ ಬಯಲು ಮಾಡುತ್ತದೆ. ಕಂಪ್ಯೂಟರ್ ಒಳಗೆ ಡ್ಲ ಅನ್ನುವುದು ಒಂದು ಅಕ್ಷರವಲ್ಲ. ಡ, ಹಲಂತ, ಲ ಅಂತ ಮೂರು ಸಂಕೇತ. ಟ್ಟ ಕೂಡ ಹಾಗೇ. ಮೂರನ್ನೂ ನೋಡಿ, ಲ ಕಾರವನ್ನು ಕೆಳಗಿನ ಒತ್ತಾಗಿ ಬದಲಿಸಿ, ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಯಾರೋ ಮಾಡಬೇಕು. ಹಾರ್ಫ್‌ಬಜ್ ಅನ್ನುವ ಮುಕ್ತ ಲೈಬ್ರರಿ ಮಾಡುವುದು ಅದನ್ನೇ. ಫೈರ್‌ಫಾಕ್ಸ್, ಕ್ರೋಮ್, ಆ್ಯಂಡ್ರಾಯ್ಡ್ ಎಲ್ಲವೂ ಅದನ್ನು ಬಳಸುತ್ತವೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಆ ಹಳೆ ಎಆರ್‌ಎಂ ಚಿಪ್ಪಿಗೆ ಹೊಂದುವಂತೆ ಕಂಪೈಲ್ ಮಾಡಿ (ಬರೆದ ಕೋಡನ್ನು ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿ) ಯಂತ್ರಕ್ಕೆ ಹಾಕಿದೆ. ಎರಡು ಭಾನುವಾರ ಹೋಯಿತು. ಮೂರನೇ ಭಾನುವಾರ ಶಿಡ್ಲಘಟ್ಟ ಸರಿಯಾಗಿ ಮೂಡಿತು.

ಫಾಂಟುಗಳಲ್ಲಿ ಗುಬ್ಬಿ ಅನ್ನುವ ಒಂದು ಮುಕ್ತ ಕನ್ನಡ ಫಾಂಟ್ ಇದೆ, ಡೆಬಿಯನ್ ಲಿನಕ್ಸಿನಲ್ಲಿ ಸಿಗುತ್ತದೆ. ನವಿಲು ಅಂತ ಇನ್ನೊಂದಿರುವುದರಿಂದ ಇದು ಹಕ್ಕಿ ಗುಬ್ಬಿಯೇ ಇರಬೇಕು. ಆದರೂ ತುಮಕೂರು ಕಡೆಯ ಗೆಳೆಯನೊಬ್ಬ ಅದು ನಮ್ಮೂರಿನ ಹೆಸರು ಅಂತ ಬೀಗುತ್ತಾನೆ. ಬೀಗಲಿ ಬಿಡಿ.

ಈ ಕೆಲಸವನ್ನು ಆ ಕಂಪನಿ ಯಾವತ್ತೂ ಮಾಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಕನ್ನಡ ಓದುವ ಗಿರಾಕಿಯೇ ಇಲ್ಲ. ಮುಕ್ತ ಕೋಡ್ ಇದ್ದದ್ದಕ್ಕೆ ಅವರ ಅಪ್ಪಣೆ ಬೇಕಾಗಲಿಲ್ಲ. ಓಪನ್ ಸೋರ್ಸ್ ಅಂದರೆ ಪುಕ್ಕಟೆ ಸಾಫ್ಟ್‌ವೇರ್ ಅಂತ ಬಹಳ ಜನ ತಿಳಿದಿದ್ದಾರೆ. ಪುಕ್ಕಟೆ ಅನ್ನುವುದು ಅದರ ಸಣ್ಣ ಲಾಭ.

ಕೋಡ್ ಯಾಕೆ ಕೊಟ್ಟರು

ಪ್ರೀತಿಯಿಂದ ಸೋರ್ಸ್ ಕೋಡ್ (ಸಾಫ್ಟ್‌ವೇರಿನ ಮೂಲ ಬರಹ) ಕೊಡುವ ಕಂಪನಿಗಳು ಕಡಿಮೆ. ಕೊಡಿಸುವುದು ಲೈಸೆನ್ಸ್. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ ಎರಡನೇ ಆವೃತ್ತಿಯ ಕೆಳಗೆ. 1991ರ ಲೈಸೆನ್ಸ್ ಅದು. ಈ ಕೋಡ್ ಬಳಸಿ ಸಾಮಾನು ಮಾರಿದರೆ, ಕೊಂಡವರಿಗೆ ಆ ಭಾಗದ ಸೋರ್ಸನ್ನೂ, ಅದನ್ನು ಕಟ್ಟುವ ಸ್ಕ್ರಿಪ್ಟುಗಳನ್ನೂ ಕೊಡಬೇಕು ಅನ್ನುವುದು ಅದರ ಷರತ್ತು. ಕೋಬೊ ತನ್ನ ಕರ್ನಲ್ ಕೋಡ್ ಪ್ರಕಟಿಸುವುದು ಇದಕ್ಕೇ. ನನ್ನ ಯಂತ್ರದ ಕಂಪನಿಯೂ ಯಾವುದೋ ಮೂಲೆಯಲ್ಲಿ ಒಂದು ಸಂಕುಚಿತ ಫೈಲ್ ಬಿಟ್ಟಿತ್ತು. ಅದರೊಳಗೆ ಪರದೆ ಮತ್ತು ಟಚ್‌ನ ಡ್ರೈವರ್, ಅಂದರೆ ಅವನ್ನು ನಡೆಸುವ ಕೋಡ್ ಇತ್ತು. ಅದಿಲ್ಲದಿದ್ದರೆ ನಾನು ಇವತ್ತೂ ಕತ್ತಲೆ ಪರದೆ ನೋಡುತ್ತಾ ಕೂತಿರುತ್ತಿದ್ದೆ.

ಈ ಷರತ್ತಿನ ಬಲ ಜಗತ್ತಿಗೆ ಗೊತ್ತಾಗಿದ್ದು ಒಂದು ನೀಲಿ ವೈಫೈ ರೌಟರಿನಿಂದ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ. ಅದರೊಳಗೆ ಲಿನಕ್ಸ್ ಇದೆ ಅಂತ ಜನ ಕಂಡುಹಿಡಿದು ಪಟ್ಟು ಹಿಡಿದರು. 2003ರಲ್ಲಿ ಕೋಡ್ ಹೊರಗೆ ಬಂತು. 2004ರಲ್ಲಿ ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ರೌಟರ್ ಸಾಫ್ಟ್‌ವೇರ್ ಹುಟ್ಟಿತು. ಇವತ್ತು ನೂರಾರು ಬಗೆಯ ರೌಟರಿನಲ್ಲಿ ಅದು ಓಡುತ್ತದೆ. ಕಂಪನಿಗೆ ನಷ್ಟವಾಯಿತಾ? ಇಲ್ಲ. 2005ರಲ್ಲಿ ಲಿನಕ್ಸ್ ಹಾಕಿಕೊಳ್ಳುವವರಿಗೆ ಅಂತಲೇ ಡಬ್ಲ್ಯುಆರ್‌ಟಿ54ಜಿಎಲ್ ಅನ್ನುವ ಮಾದರಿ ಬಿಟ್ಟರು. ವರ್ಷಗಟ್ಟಲೆ ಮಾರಿದರು.

ಟಚ್‌ಸ್ಕ್ರೀನ್ ಯಂತ್ರಗಳಲ್ಲಿ ಹೇಳಲೇಬೇಕಾದ ಹೆಸರು ಚಂಬಿ. 2008ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮೆತ್ತನೆ ದಿಂಬಿನಂಥ ಮೈ, 3.5 ಇಂಚಿನ ಪರದೆ, 350 ಮೆಗಾಹರ್ಟ್ಸ್ ಚಿಪ್, 64 ಎಂಬಿ ರ್‍ಯಾಮ್. ಅದರ ಯಂತ್ರಾಂಶ ರೂಪಿಸಿದ ಆ್ಯಂಡ್ರ್ಯೂ ಹುವಾಂಗ್ ಬೋರ್ಡಿನ ನಕ್ಷೆಯನ್ನೇ ಪ್ರಕಟಿಸಿದರು. ಬಿಚ್ಚಿ, ಕೆಡವಿ, ಕಟ್ಟಿ ಅಂತ ಗಿರಾಕಿಗಳಿಗೇ ಹೇಳಿದ ಸಾಮಾನು ಅದು. 2012ರಲ್ಲಿ ಕಂಪನಿ ಮುಚ್ಚಿತು. ಆದರೆ ಆಸಕ್ತರು ಸರ್ವರ್ ಬೇಡದ ಫರ್ಮ್‌ವೇರ್ ಮಾಡಿಕೊಂಡಿದ್ದರು, ಹಳೆ ತಂಡದವರೊಬ್ಬರು ಮುಂದೆ ಸೇವೆಯನ್ನೂ ಮತ್ತೆ ಶುರು ಮಾಡಿದರು. ನನ್ನ ಯಂತ್ರದ ಜೊತೆ ಹೋಲಿಸಿದರೆ ನಗು ಬರುತ್ತದೆ. ಅವರಿಗೆ ನಕ್ಷೆ ಕೈಯಲ್ಲಿತ್ತು. ನಾನು ಮಲ್ಟಿಮೀಟರ್ ಹಿಡಿದು ಕುರುಡನ ಹಾಗೆ ತಡಕಾಡಿದೆ.

ಅದಕ್ಕೂ ಮೊದಲೇ ನಮ್ಮ ಪಕ್ಕದಲ್ಲೇ ಒಂದು ಪ್ರಯತ್ನ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿ ಸೇರಿ ಮಾಡಿದ ಸಿಂಪ್ಯೂಟರ್. ಕೈಯಲ್ಲಿ ಹಿಡಿಯುವ, ಲಿನಕ್ಸ್ ಓಡುವ ಟಚ್‌ಸ್ಕ್ರೀನ್ ಕಂಪ್ಯೂಟರ್. 2001ರಲ್ಲಿ ಮಾದರಿ ತೋರಿಸಿದರು. ಐಫೋನ್ ಬಂದದ್ದು 2007ರಲ್ಲಿ, ನೆನಪಿರಲಿ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ನಿರೀಕ್ಷೆಯಷ್ಟು ಮಾರಾಟ ಆಗಲಿಲ್ಲ. ಆದರೆ ಆ ಬಳಗದಲ್ಲೇ ಹುಟ್ಟಿದ ಧ್ವನಿ ಅನ್ನುವ ಸಾಫ್ಟ್‌ವೇರ್, ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವಂಥದ್ದು, ಮುಕ್ತವಾಗಿತ್ತು. ಬೇರೆಯವರು ಅದನ್ನು ಎತ್ತಿಕೊಂಡು ಇನ್ನಷ್ಟು ಭಾಷೆ ಕಲಿಸಿದರು. ಯಂತ್ರ ಹೋಯಿತು, ಅದರ ಬಾಯಿ ಉಳಿಯಿತು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಕೋಡ್ ಕೊಟ್ಟು ಬೂಟ್‌ಲೋಡರಿಗೆ ಬೀಗ ಹಾಕುವ ಕಂಪನಿಗಳಿವೆ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಕರ್ನಲ್ ಅದರಲ್ಲಿ ಓಡುವುದಿಲ್ಲ. ಅಡುಗೆಯ ವಿಧಾನ ಬರೆದುಕೊಟ್ಟು ಒಲೆ ಹಚ್ಚೋಕೆ ಬಿಡದ ಹಾಗೆ. ಟಿವೊ ಅನ್ನುವ ಟಿವಿ ರೆಕಾರ್ಡರ್ ಇದನ್ನು ಮಾಡಿ ಹೆಸರು ಕೆಡಿಸಿಕೊಂಡಿತು. 2007ರ ಜಿಪಿಎಲ್ ಮೂರನೇ ಆವೃತ್ತಿ ಇದನ್ನು ತಡೆಯುವ ಸಾಲು ಸೇರಿಸಿತು. ಲಿನಕ್ಸ್ ಕರ್ನಲ್ ಮಾತ್ರ ಎರಡರಲ್ಲೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಬೀಗ ಹಾಕುವವರು, ಅಂಗಡಿ ಮುಚ್ಚುವ ದಿನ ಬೀಗದ ಕೈಯನ್ನಾದರೂ ಕೊಟ್ಟು ಹೋಗಬೇಕು.

ಹುಳು ಮನೆಯ ಲೆಕ್ಕ

ರೇಷ್ಮೆ ಹುಳುವಿಗೆ ಹವೆಯದ್ದೇ ಚಿಂತೆ. ಚಾಕಿ ಹುಳು, ಅಂದರೆ ಎಳೆ ಹುಳುವಿಗೆ 27, 28 ಡಿಗ್ರಿ ಶಾಖ, ಶೇಕಡ 85ರ ಸುತ್ತ ತೇವಾಂಶ ಬೇಕು. ದೊಡ್ಡದಾಗುತ್ತಾ ಎರಡೂ ಇಳಿಯಬೇಕು. ಐದನೇ ಹಂತಕ್ಕೆ 24 ಡಿಗ್ರಿ, 70ರ ಹತ್ತಿರ ತೇವ. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಆಗ ಹುಳು ಸೊಪ್ಪು ತಿನ್ನದೆ ತಲೆ ಎತ್ತಿ ಕೂರುತ್ತದೆ, ಮನೆ ಒಣಗಿರಬೇಕು. ಮೊದಲು ಇದಕ್ಕೆ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ಇತ್ತು. ಎರಡು ಅಂಕಿ ಓದಿ, ಪಟ್ಟಿ ನೋಡಿ ಲೆಕ್ಕ ಹಾಕಬೇಕು. ನಡುರಾತ್ರಿ ಯಾರು ಮಾಡುತ್ತಾರೆ?

ಈಗ ಹುಳು ಮನೆಯ ಎರಡು ತುದಿಯಲ್ಲಿ ಎರಡು ಸೆನ್ಸರ್ ಇವೆ. ಇಎಸ್‌ಪಿ8266 ಅನ್ನುವ ಪುಟ್ಟ ವೈಫೈ ಬೋರ್ಡಿಗೆ ಕಟ್ಟಿದ್ದೇನೆ. ಅದರ ಮೇಲೆ ಟಾಸ್ಮೋಟಾ ಅನ್ನುವ ಮುಕ್ತ ಫರ್ಮ್‌ವೇರ್. ಸೆನ್ಸರ್ ಅಂಕಿಯನ್ನು ಗೋಡೆಯ ಯಂತ್ರಕ್ಕೆ ಕಳಿಸುತ್ತದೆ, ಯಂತ್ರ ತೋರಿಸುತ್ತದೆ. ಹೊರಗಿನ ಇಂಟರ್ನೆಟ್ ಬೇಡವೇ ಬೇಡ. ಇದನ್ನು ಬೇಕಂತಲೇ ಹಾಗೆ ಇಟ್ಟಿದ್ದೇನೆ. ಹಳೆ ಕರ್ನಲ್‌ನ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರುಗಳನ್ನು ಲಕ್ಷಗಟ್ಟಲೆ ವಶಕ್ಕೆ ತೆಗೆದುಕೊಂಡಿತ್ತು. ಹಳೆ ಯಂತ್ರ ಎಬ್ಬಿಸುವವರು ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಹೊರಗಿನ ದಾರಿ ಮುಚ್ಚಿ.

ನಮ್ಮ ಕಡೆಯ ಕರೆಂಟು ಇನ್ನೊಂದು ಪಾಠ ಕಲಿಸಿತು. ಈ ಯಂತ್ರದಲ್ಲಿ ಗಡಿಯಾರಕ್ಕೆ ಬೇರೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಲಿನಕ್ಸಿನ ಕಾಲಗಣನೆ ಶುರುವಾಗುವುದೇ ಅವತ್ತಿನಿಂದ. ಮೊದಲ ವಾರ ಅತ್ತೆ ಫೋನ್ ಮಾಡಿ, "ಇದರಲ್ಲಿ ನಾನು ಹುಟ್ಟೋಕೆ ಮುಂಚಿನ ತಾರೀಖು ಬಂದಿದೆ" ಅಂದರು. ಈಗ ಎದ್ದ ಕೂಡಲೇ ಮನೆಯ ರೌಟರಿನಿಂದ ಸಮಯ ಕೇಳಿಕೊಳ್ಳುತ್ತದೆ. ಆ ರೌಟರಿಗೆ ಯುಪಿಎಸ್ ಇದೆ.

ಬ್ಯಾಚ್ ಮುಗಿದ ಮೇಲೆ ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುತ್ತಾರೆ. ಅದು ಲೋಹವನ್ನು ತಿನ್ನುತ್ತದೆ. ಆ ಎರಡು ದಿನ ಸೆನ್ಸರು, ಪರದೆ ಎಲ್ಲ ಬಿಚ್ಚಿ ಒಳಗಿಡಬೇಕು. ಒಮ್ಮೆ ಮರೆತು ಒಂದು ಸೆನ್ಸರ್ ಹಾಳಾಯಿತು.

ಇದನ್ನು ನೋಡಿದ ಪಕ್ಕದ ತೋಟದವರು ಹೋದ ತಿಂಗಳು ಒಂದು ಟ್ಯಾಬ್ಲೆಟ್ ತಂದುಕೊಟ್ಟರು. ನಮ್ಮದಕ್ಕಿಂತ ಹೊಸದು, ಹತ್ತು ಪಟ್ಟು ಜಾಸ್ತಿ ರ್‍ಯಾಮ್, ಗಾಜಿನ ಪರದೆ. ಬಿಚ್ಚಿದೆ, ತಂತಿ ಹಾಕಿದೆ. ಬೂಟ್‌ಲೋಡರ್ ಒಂದು ಸಾಲು ಬರೆದು ಬಾಯಿ ಮುಚ್ಚಿತು: ಸಹಿ ಸರಿಯಿಲ್ಲ. ಅದರ ಕೋಡ್ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಮತ್ತೆ ಮುಚ್ಚಿ, ಸ್ಕ್ರೂ ಹಾಕಿ, ಅವರಿಗೇ ವಾಪಸ್ ಕೊಟ್ಟೆ. ಅವರಿಗೆ ನಂಬಿಕೆ ಬರಲಿಲ್ಲ. "ಅವರದ್ದು ಅಷ್ಟು ಹಳೇದು, ಅದೇ ಆಗಿದೆ. ಇದ್ಯಾಕೆ ಆಗಲ್ಲ?" ಅಂತ ಎರಡು ಸಲ ಕೇಳಿದರು. ಬೀಗದ ವಿಷಯ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ದುಡ್ಡು ಕೊಟ್ಟಿದ್ದು ನಾನು, ಬೀಗದ ಕೈ ಅವನ ಹತ್ರ ಇದೆಯಾ?" ಅಂದರು. ಹೌದು ಅಂದೆ.